ಹೆಲೆನ್ ಆಫೀಸಿನ ಟೈಪಿಸ್ಟ್

ನಾನೀಗ ಇರುವ ರನ್‌ಕಾರ್ನಿನ ಈ ಮನೆಯ ಕಪಾಟು ಖಾಲಿ ಮಾಡುವಾಗ ಮೊನ್ನೆ ಹಳೆಯ ಕಾರ್ಬನ್ ಕಾಗದದ ಕಟ್ಟೊಂದು ಸಿಕ್ಕಿತು. ಮೂಸಿ ನೋಡಿದೆ. ಆ ಎಣ್ಣೆವಾಸನೆ ನನ್ನನ್ನು ನೇರ ಎಪ್ಪತ್ತರ ದಶಕದ ಅಡಿಲೇಡಿಗೆ ಒಯ್ದು, ಹೆಲೆನ್ ಆಫೀಸಿನ ಕುರ್ಚಿಯಲ್ಲಿ ಕೂರಿಸಿತು.

ಹೆಲೆನ್ ವಕೀಲೆ. ಅತ್ಯಾಚಾರ, ಲೈಂಗಿಕ ಹಲ್ಲೆಯಂಥ ಆರೋಪ ಹೊತ್ತು, ಬೇರೆ ವಕೀಲರಿಗೆ ಬೇಡವಾದವರು ಅವಳಲ್ಲಿಗೆ ಬರುತ್ತಿದ್ದರು. ಗಂಡ ಆಸ್ಪತ್ರೆಯ ಕೆಲಸಕ್ಕೆ ಹೋದಮೇಲೆ ಗೋಡೆ ನೋಡುತ್ತ ಕೂರಲಾರದೆ ನಾನು ಅಲ್ಲಿ ಟೈಪಿಸ್ಟಾಗಿ ಸೇರಿದ್ದೆ. ಕನ್ನಡದಲ್ಲಿ ಎಂದೂ ಬಾಯಿಬಿಟ್ಟು ಆಡದ ಮಾತುಗಳನ್ನು ಇಂಗ್ಲಿಷಿನಲ್ಲಿ ನಾಲ್ಕು ನಾಲ್ಕು ಪ್ರತಿ ತೆಗೆಯುತ್ತಿದ್ದೆ. ತಪ್ಪಿಲ್ಲದೆ ಬಡಿಯುತ್ತೇನೆಂಬ ಜಂಬ ಬೇರೆ. ನಮ್ಮ ಕನ್ನಡದವರು ಕೇಳಿದರೆ "ಮನೆ ಮಾರಾಟದ ಪತ್ರ ಟೈಪ್ ಮಾಡ್ತೀನಿ" ಎನ್ನುತ್ತಿದ್ದೆ.

"ಇಂಥವರ ಪರ ಹೇಗೆ ನಿಲ್ಲುತ್ತೀಯ?" ಎಂದು ಒಮ್ಮೆ ಹೆಲೆನ್‌ಳನ್ನು ಕೇಳಿದ್ದೆ.

"ಯಾರೂ ನಿಲ್ಲದಿದ್ದರೆ ಅದು ವಿಚಾರಣೆಯೇ ಅಲ್ಲ," ಎಂದಳು. "ಇಲ್ಲಿ ಕೇಳಿದ್ದನ್ನು ನಿನ್ನ ಗಂಡನಿಗೂ ಹೇಳಬೇಡ."

ಒಂದು ಮಂಗಳವಾರ ಮಧ್ಯಾಹ್ನ ಬಾಗಿಲು ತೆರೆದು ಒಳಬಂದವರು ಡಾಕ್ಟರ್ ಜಯಂತ್, ನನ್ನ ಗೆಳತಿ ಶಾರದೆಯ ಗಂಡ. ಪರೀಕ್ಷೆಯ ನೆಪದಲ್ಲಿ ಮೈಮುಟ್ಟಿದರೆಂದು ರೋಗಿಯೊಬ್ಬಳು ದೂರು ಕೊಟ್ಟಿದ್ದಳು. ನನ್ನನ್ನು ಕಂಡು ಅವರ ಮುಖ ಬಿಳಿಚಿತು.

"ಶಾರದಾಗೆ ಹೇಳ್ಬೇಡಿ," ಎಂದರು.

ಅವರ ಹೇಳಿಕೆಯನ್ನು ನಾನೇ ಟೈಪ್ ಮಾಡಿದೆ. ಪೊಲೀಸರಿಂದ ಬಂದ ಆ ಹೆಂಗಸಿನ ಹೇಳಿಕೆಯನ್ನೂ ಓದಿದೆ. ಅವರದ್ದು ಓದಿದಾಗ ಅವರು ನಿಜ, ಅವಳದ್ದು ಓದಿದಾಗ ಅವಳು ನಿಜ ಎನ್ನಿಸುತ್ತಿತ್ತು.

ಕೆಲವು ವಾರ ಕಳೆದು ಶಾರದೆ ಫೋನ್ ಮಾಡಿದಳು. "ಮಂಗಳವಾರ ಮಧ್ಯಾಹ್ನ ಇವ್ರು ಕ್ಲಿನಿಕ್ಕಲ್ಲಿ ಇರೋದೇ ಇಲ್ವಂತೆ. ಎಲ್ಲಿಗೆ ಹೋಗ್ತಾರೆ ಕಣೆ?"

"ನಂಗೇನ್ ಗೊತ್ತು," ಎಂದೆ.

ಅವಳಿಗೆ ತಿಳಿದದ್ದು ಪತ್ರಿಕೆಯಿಂದ. ಆ ದಿನದಿಂದ ಅವಳ ಮನೆಗೆ ನಮ್ಮವರು ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ. ಕೋರ್ಟಿನಲ್ಲಿ ಅವಳು ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು. ಹೆಲೆನ್‌ಗೆ ಫೈಲು ಕೊಡಲು ಹೋದ ನನ್ನನ್ನು ನೋಡಿದಳು. ನೋಡಿದ ಕೂಡಲೇ, ನನಗೆ ಮೊದಲಿನಿಂದಲೂ ಗೊತ್ತಿತ್ತೆಂದು ಅವಳಿಗೆ ಅರ್ಥವಾಗಿಹೋಯಿತು. ಜಯಂತ್ ತಪ್ಪಿತಸ್ಥರಲ್ಲ ಎಂದು ಜ್ಯೂರಿ ಹೇಳಿತು. ದೂರು ಕೊಟ್ಟ ಹೆಂಗಸು ಯಾರ ಕಡೆಗೂ ನೋಡದೆ ಹೊರಗೆ ನಡೆದಳು. ಅವಳ ಜೊತೆಗೂ ಯಾರೂ ಇರಲಿಲ್ಲ.

ತಿಂಗಳೊಳಗೆ ಜಯಂತ್ ಮತ್ತು ಶಾರದೆ ಪರ್ತ್‌ಗೆ ಹೊರಟುಹೋದರು.

ಎಂಬತ್ತರ ದಶಕದಲ್ಲಿ ನಾದಿನಿಯ ಮನೆಗೆಂದು ಪರ್ತ್‌ಗೆ ಹೋಗಿದ್ದಾಗ, ಕ್ಯಾನಿಂಗ್ಟನ್ ಶಾಪಿಂಗ್ ಸೆಂಟರಿನಲ್ಲಿ ಶಾರದೆ ಎದುರಾದಳು. ಮಾತಾಡಿಸದೆ ಹೋದಾಳು ಎಂದುಕೊಂಡೆ. ಅವಳೇ ಟ್ರಾಲಿ ನಿಲ್ಲಿಸಿದಳು.

"ನೀನು ಎಲ್ಲಾ ಪೇಪರ್ ಓದಿದೀಯ. ಒಂದೇ ಮಾತು ಹೇಳು. ಅವ್ರು ಮಾಡಿದ್ರಾ?"

"ನಿಜವಾಗ್ಲೂ ಗೊತ್ತಿಲ್ಲ ಶಾರದಾ."

ಅವಳು ತಲೆಯಾಡಿಸಿದಳು. "ನಂಗೂ ಗೊತ್ತಿಲ್ಲ. ದಿನಾ ಅವ್ರಿಗೆ ಊಟ ಬಡಿಸ್ತೀನಿ." ಟ್ರಾಲಿ ತಳ್ಳಿಕೊಂಡು ಹೋದಳು.

ಗುಟ್ಟು ಬಿಡಲಿಲ್ಲವೆಂದು ಇಷ್ಟು ವರ್ಷ ಒಳಗೊಳಗೇ ಹೆಮ್ಮೆಪಡುತ್ತಿದ್ದೆ. ಮೊನ್ನೆ ಕಪಾಟಿನ ಮುಂದೆ ನೆಲದಲ್ಲಿ ಕೂತಾಗ ಆ ಹೆಮ್ಮೆ ಉಳಿಯಲಿಲ್ಲ. ಹೇಳಬಾರದ್ದನ್ನು ಹೇಳಲಿಲ್ಲ, ಸರಿ. ಆದರೆ ಪತ್ರಿಕೆಯಲ್ಲಿ ಸುದ್ದಿ ಬಂದ ದಿನ ಅವಳ ಅಡುಗೆಮನೆಗೆ ಹೋಗಿ, ಏನೂ ಮಾತಾಡದೆ ಒಂದು ಗಂಟೆ ಕೂತು ಬರಬಹುದಿತ್ತು. ಅದಕ್ಕೆ ಯಾವ ಕಾನೂನೂ ಅಡ್ಡವಿರಲಿಲ್ಲ.