ಎಡಗಡೆ ಖಾಲಿ

ಹಲ್ಲುಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮನೆಯ ಹಿಂಭಾಗದ ಕೋಣೆಯಲ್ಲಿ ಕೂತು ಊರಿನ ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವುದು ಅವರ ಕಸುಬು. ಡಾಕ್ಟರು ವಸಡಿನ ಅಚ್ಚು ತೆಗೆದು ಕಳಿಸಿದರೆ, ಮೇಷ್ಟ್ರು ಅದಕ್ಕೆ ಪ್ಲಾಸ್ಟರ್ ಕಲಸಿ ಹೊಯ್ದು, ಮೇಣದ ಮೇಲೆ ಒಂದೊಂದೇ ಹಲ್ಲು ನಿಲ್ಲಿಸಿ, ಮೇಲಿನ ದವಡೆ ಕೆಳಗಿನ ದವಡೆಯ ಮೇಲೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂರುವವರೆಗೆ ಉಜ್ಜುತ್ತಿದ್ದರು. ತಪ್ಪು ಕಂಡರೆ ತಿದ್ದದೆ ಬಿಡದ ಮನುಷ್ಯ ಎಂದು ಬೀದಿಯವರು ಮೇಷ್ಟ್ರು ಅಂದರು. ಆ ಹೆಸರೇ ನಿಂತಿತು.

ಇಂಥ ಲೆಕ್ಕಾಚಾರದ ಮನುಷ್ಯ ತನ್ನ ಡ್ರೈವಿಂಗ್ ಲೈಸೆನ್ಸಿನ ಅವಧಿ ಮುಗಿದದ್ದನ್ನೇ ಗಮನಿಸಿರಲಿಲ್ಲ. ಕಾರಿನ ವಿಮೆ ಕಟ್ಟಲೆಂದು ಬಂದ ಮಗಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಅಪ್ಪಾ, ಇದು ಸತ್ತು ವರ್ಷ ದಾಟಿದೆ."

"ಏನಾಗುತ್ತೆ? ಹೊಸದು ಮಾಡಿಸೋಣ."

"ಹಾಗೆಲ್ಲ ಕೊಡಲ್ಲ. ಇಷ್ಟು ದಿನ ಬಿಟ್ಟರೆ ಮತ್ತೆ ಮೊದಲಿಂದ ಟೆಸ್ಟ್ ಕೊಡ್ಬೇಕು. ನನ್ನ ಮಾತು ಕೇಳು, ಕಾರು ನನಗೆ ಕೊಟ್ಬಿಡು. ಎಲ್ಲಿಗೆ ಬೇಕಂದ್ರೂ ನಾನೇ ಕರ್ಕೊಂಡು ಹೋಗ್ತೀನಿ."

ಮೇಷ್ಟ್ರಿಗೆ ರೇಗಿತು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ಅವರು ಗಿರಾಕಿಗಳಿಗೆ ಹೇಳಿ ನಗಿಸುತ್ತಿದ್ದರು. ಅದೀಗ ತಮಗೇ ಬಂದು ಕೂತಿತ್ತು. ಒಂದು ಗೀರೂ ಇಲ್ಲದ ಪುಟ್ಟ ನೀಲಿ ಕಾರು ಬಾಗಿಲಲ್ಲಿ ನಿಂತಿದೆ, ಓಡಿಸಲು ಅಪ್ಪಣೆ ಇಲ್ಲ.

"ಟೆಸ್ಟ್ ತಾನೇ? ಕೊಡ್ತೀನಿ."

"ಫೇಲಾದ್ರೆ?"

"ಫೇಲಾದ್ರೆ ಕೀಲಿಕೈ ನಿನ್ನ ಕೈಗೆ," ಎಂದುಬಿಟ್ಟರು ಮೇಷ್ಟ್ರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ತಲೆ ಚಚ್ಚಿಕೊಂಡರು.

ಆ ಕೀಲಿಕೈಯ ಬಗ್ಗೆ ಒಂದು ಮಾತು. ಸೆಟ್ಟು ಮಾಡಿ ಮಿಕ್ಕ ಗುಲಾಬಿ ವಸಡಿನ ಪ್ಲಾಸ್ಟಿಕ್ಕಿನಲ್ಲಿ ಒಂದು ದವಡೆ ಹಲ್ಲು ಕೂರಿಸಿ, ತೂತು ಕೊರೆದು, ಪ್ರತಿ ಕಾರಿನ ಕೀಲಿಗೂ ಮೇಷ್ಟ್ರು ತಾವೇ ಒಂದು ಬಿಲ್ಲೆ ಮಾಡುತ್ತಿದ್ದರು. ಕಾರು ಮಾರಿದಾಗ ಕೀಲಿ ಹೋಗುತ್ತಿತ್ತು, ಬಿಲ್ಲೆ ಉಳಿಯುತ್ತಿತ್ತು. ಕೆಲಸದ ಕೋಣೆಯಲ್ಲಿ ಪ್ಲಾಸ್ಟರ್ ಡಬ್ಬಿಯ ಮೇಲಿನ ಮೊಳೆಯಲ್ಲಿ ಅಂಥ ಮೂರು ಬಿಲ್ಲೆಗಳು ನೇತಾಡುತ್ತಿದ್ದವು. ಹೊಸಬರು ಬಂದರೆ ಅವುಗಳನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಮೇಷ್ಟ್ರಿಗೆ ಮಾತ್ರ ಅವು ಮೂರು ಹಳೆಯ ಗೆಳೆಯರ ಫೋಟೋ ಇದ್ದಂತೆ.

ಮೊದಲನೆಯದು ಆಮೆ. ಮನೆಯಲ್ಲಿ ಒಂದು ನಿಯಮವಿತ್ತು: ಕಾರು ಒಮ್ಮೆ ನಡುದಾರಿಯಲ್ಲಿ ಕೈಕೊಟ್ಟ ಮೇಲೆಯೇ ಅದಕ್ಕೆ ಹೆಸರು. ಆಮೆ ತನ್ನ ಹೆಸರನ್ನು ಕೊಂಡ ದಿನವೇ ಸಂಪಾದಿಸಿತು. ಬೂದು ಬಣ್ಣದ ಆ ಹಳೆಯ ಗಾಡಿಯನ್ನು ಒಬ್ಬ ಡಾಕ್ಟರಿಂದ ಕೊಂಡು ಮನೆಗೆ ತರುವಾಗ, ಅರ್ಧ ದಾರಿ ಮೇಷ್ಟ್ರು ಅದರಲ್ಲಿ ಬಂದರು, ಇನ್ನರ್ಧ ದಾರಿ ಅದನ್ನು ತಳ್ಳಿಕೊಂಡು ಬಂದರು. ಮನಸ್ಸು ಬಂದರೆ ಸ್ಟಾರ್ಟ್ ಆಗುವ ಜಾತಿ. ಹಾಗಾಗಿ ಮೇಷ್ಟ್ರು ಎಲ್ಲೇ ಹೋದರೂ ಇಳಿಜಾರು ಹುಡುಕಿ ನಿಲ್ಲಿಸುತ್ತಿದ್ದರು. ದಿಬ್ಬದ ಮೇಲೆ ಕ್ಲಿನಿಕ್ ಇಟ್ಟ ಡಾಕ್ಟರುಗಳಿಗೆ ಸೆಟ್ಟುಗಳು ಬೇಗ ತಲುಪುತ್ತಿದ್ದವು. ಎಡಭಾಗದ ನೆಲಕ್ಕೆ ತುಕ್ಕು ಹಿಡಿದು ತೂತಾಗಿತ್ತು. ಹೆಂಡತಿ ಅಡುಗೆಮನೆಯ ಅಗಲವಾದ ತಟ್ಟೆಯೊಂದನ್ನು ಅದರ ಮೇಲಿಟ್ಟು ಕಾಲೂರಿ ಕೂರುತ್ತಿದ್ದರು.

ಆಮೆಗೆ ಕನ್ನಡಿ ಇದ್ದದ್ದು ಬಲಗಡೆ ಒಂದೇ. ಆಗಿನ್ನೂ ಮದುವೆಯಾದ ಹೊಸದು. ಹುಡುಗಿಗೆ ನಾಚಿಕೆ, ಕೇಳಿದ್ದಕ್ಕೆ ಹ್ಞೂಂ ಉಹ್ಞೂಂ ಬಿಟ್ಟರೆ ಮಾತಿಲ್ಲ. ಒಂದು ಸಂಜೆ ನಾಲ್ಕು ರಸ್ತೆ ಕೂಡುವಲ್ಲಿ ಮೇಷ್ಟ್ರು ಬಲಗಡೆ ನೋಡಿ ಹೊರಡಿಸಿದರು, ಎಡದಿಂದ ಲಾರಿ ಬಂತು.

"ನಿಲ್ಸ್ರೀ!"

ನಿಲ್ಲಿಸಿದರು. ಲಾರಿ ಹೋಯಿತು. ಹುಡುಗಿ ಕತ್ತು ಚಾಚಿ ನೋಡಿ, ದನಿ ಇಳಿಸಿ, "ಈಗ ಎಡಗಡೆ ಖಾಲಿ. ಹೋಗ್ಬಹುದು," ಅಂದಳು. ಹೆಂಡತಿ ತಾನಾಗಿ ಆಡಿದ ಮೊದಲ ದೊಡ್ಡ ಮಾತು ಅದು. ಅಂದಿನಿಂದ ರಸ್ತೆಯ ಬಲಭಾಗ ಅವರದು, ಎಡಭಾಗ ಆಕೆಯದು ಎಂದು ಯಾರೂ ಹೇಳದೆಯೇ ಪಾಲಾಯಿತು.

ಎರಡನೆಯದು ಕುಂಬಳಕಾಯಿ. ಬಣ್ಣವೂ ಅದೇ, ಆಕಾರವೂ ಅದೇ. ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದರೆ ಹಾರ್ನ್ ತಾನಾಗಿ ಕೂಗುತ್ತಿತ್ತು. ರಿಪೇರಿಯವನು ಎಷ್ಟು ಬಿಚ್ಚಿ ಕಟ್ಟಿದರೂ ಅದು ಬಿಡಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು. ಆದರೆ ಕೂಸಾಗಿದ್ದ ಮಗಳು ಹಟ ಹಿಡಿದು ಅತ್ತಾಗ ಸುಮ್ಮನಾಗುತ್ತಿದ್ದದ್ದು ಆ ಹಾರ್ನಿಗೆ ಮಾತ್ರ. ಮೇಷ್ಟ್ರು ಆಟದ ಬಯಲಿಗೆ ಹೋಗಿ, ಗಾಣದೆತ್ತಿನಂತೆ ಬಲಕ್ಕೆ ಬಲಕ್ಕೆ ಸುತ್ತುತ್ತಿದ್ದರು. ಕಾರು ಕೂಗುವುದು, ಕೂಸು ನಗುವುದು. ಹೆಂಡತಿ ಅಲ್ಲೂ ಬಿಡದೆ, ಖಾಲಿ ಬಯಲಿನಲ್ಲಿ, "ಎಡಗಡೆ ಖಾಲಿ" ಎನ್ನುತ್ತಿದ್ದರು.

ಮೂರನೆಯದು ಹಂಸ, ಬಿಳಿಯದು. ಒಮ್ಮೆ ಟ್ರಾಫಿಕ್ ಪೊಲೀಸನೊಬ್ಬ ಅದನ್ನು ತಡೆದು ಕಾಗದ ಕೇಳಿ, ತಾನೇ ಮುಂದಿನ ಖಾನೆ ತೆರೆದ. ಒಳಗಿಂದ ನಾಲ್ಕು ದವಡೆಗಳು ಹಲ್ಲು ಕಿರಿದವು. "ಹೋಗಿ ಸಾರ್, ನೀವು ಹೋಗಿ," ಎಂದು ಅವನೇ ಕೈಬೀಸಿ ದಾರಿ ಬಿಟ್ಟ. ಹಂಸಕ್ಕೆ ಎಡಗಡೆಯೂ ಕನ್ನಡಿ ಇತ್ತು. ಮೇಷ್ಟ್ರು ಅದನ್ನು ತಮ್ಮ ಕಡೆ ತಿರುಗಿಸಲು ಹೋದರೆ ಹೆಂಡತಿ ಕೈಗೆ ಹೊಡೆದರು. "ಎಡಗಡೆ ನನ್ನದಲ್ವಾ? ಕನ್ನಡೀನೂ ನನ್ನದೇ." ತಾವು ಕೂತಲ್ಲಿಂದ ಹಿಂದಿನ ರಸ್ತೆ ಕಾಣುವಂತೆ ಅದನ್ನು ಹೊಂದಿಸಿಕೊಂಡರು. ಹಂಸವನ್ನು ಕೊಂಡವನು ಮನೆಯ ಮುಂದಿನಿಂದ ಅದನ್ನು ಓಡಿಸಿಕೊಂಡು ಹೊರಟ ದಿನ, ತಿರುವಿನಲ್ಲಿ ಅದು ನಿಂತಾಗ ಗೇಟು ಹಿಡಿದು ನಿಂತಿದ್ದ ಆಕೆಯ ಬಾಯಿಂದ ತಾನಾಗಿ ಬಂದಿತ್ತು: "ಎಡಗಡೆ ಖಾಲಿ, ಹೋಗ್ಬಹುದು." ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡು ಒಳಗೆ ಹೋದರು.

ನೀಲಿ ಕಾರಿನಲ್ಲೂ ಅದೇ ಪಾಲು, ಅದೇ ಕನ್ನಡಿ. ಅದು ಇನ್ನೂ ಕೈಕೊಟ್ಟಿರಲಿಲ್ಲವಾದ್ದರಿಂದ ಹೆಸರಿಲ್ಲದೆ ಇತ್ತು.

ಟೆಸ್ಟಿನ ದಿನ ಮಗಳೇ ಅದನ್ನು ಓಡಿಸಿಕೊಂಡು ಅಪ್ಪ ಅಮ್ಮನನ್ನು ಲೈಸೆನ್ಸ್ ಕಚೇರಿಗೆ ಕರೆತಂದಳು. ಬ್ರೇಕ್ ಇನ್ಸ್‌ಪೆಕ್ಟರ್ ದಪ್ಪ ಆಸಾಮಿ. ಹಿಂದಿನ ಸೀಟಿಗೆ ಹತ್ತಲು ಹೋದ ಹೆಂಡತಿಯನ್ನು ತಡೆದು, "ಅಮ್ಮಾ, ಟೆಸ್ಟಿಗೆ ಜೊತೆಗಾರರು ಬರೋ ಹಾಗಿಲ್ಲ," ಅಂದರು. ಮಾತಾಡಿದಾಗ ಅವರ ಮೇಲಿನ ಸೆಟ್ಟು ಟಕ್ ಎಂದು ಸದ್ದು ಮಾಡಿತು. ಮೇಷ್ಟ್ರ ಕಿವಿ ನೆಟ್ಟಗಾಯಿತು. ಹೆಂಡತಿ ಅದನ್ನು ಕಂಡು ಪಕ್ಕಕ್ಕೆ ಎಳೆದು ಪಿಸುಗುಟ್ಟಿದರು: "ರೀ, ರಿಸಲ್ಟ್ ಬರೋವರೆಗೂ ಅವರ ಬಾಯಿ ಕಡೆ ನೋಡ್ಬೇಡಿ. ಲಂಚ ಅಂದ್ಕೊಂಡಾರು."

ಇನ್ಸ್‌ಪೆಕ್ಟರ್ ಎಡಗಡೆ ಕೂತು ಕೀಲಿಯ ಬಿಲ್ಲೆಯನ್ನು ಬೆರಳಿನಿಂದ ತಟ್ಟಿದರು.

"ಇದೇನ್ರೀ?"

"ದವಡೆ ಹಲ್ಲು ಸಾರ್. ಯಾರದ್ದೂ ಅಲ್ಲ."

ಇನ್ಸ್‌ಪೆಕ್ಟರ್ ಮತ್ತೆ ಅದನ್ನು ಮುಟ್ಟಲಿಲ್ಲ. ಮೇಷ್ಟ್ರು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಗಾಡಿ ಓಡಿಸಿದರು. ಗೇರು ಬದಲಾದದ್ದು ತಿಳಿಯಲಿಲ್ಲ. ಹಿಂದಕ್ಕೆ ತೆಗೆದು ಎರಡು ಕಂಬದ ನಡುವೆ ನಿಲ್ಲಿಸಿದ್ದು ಒಂದೇ ಪೆಟ್ಟಿಗೆ. ಇನ್ಸ್‌ಪೆಕ್ಟರ್ ತಲೆದೂಗಿದರು. ಆಮೇಲೆ ನಾಲ್ಕು ರಸ್ತೆ ಕೂಡುವ ಜಾಗ ಬಂತು.

ಮೇಷ್ಟ್ರು ನಿಲ್ಲಿಸಿ ಬಲಗಡೆ ನೋಡಿದರು. ಯಾರೂ ಇಲ್ಲ. ಕಾದರು. ಹಿಂದಿನ ಗಾಡಿ ಹಾರ್ನ್ ಮಾಡಿತು. ಇನ್ನೂ ಕಾದರು. ಏನು ಕಾಯುತ್ತಿದ್ದೇನೆಂದು ಅವರಿಗೇ ಹೊಳೆಯಲಿಲ್ಲ. ಕಾಲು ಮಾತ್ರ ಬ್ರೇಕಿನ ಮೇಲಿಂದ ಏಳಲೊಲ್ಲದು. ಕೊನೆಗೆ ಬಾಯಿ ತೆರೆದರು.

"ಎಡಗಡೆ?"

"ಎಡಗಡೆ ಏನು?"

"ಖಾಲಿನಾ ಸಾರ್?"

"ನನ್ನನ್ನ ಕೇಳ್ತೀರಲ್ರೀ ಯಜಮಾನ್ರೇ! ಟೆಸ್ಟ್ ನಿಮಗೋ ನನಗೋ?" ಸೆಟ್ಟು ಟಕಟಕ ಎಂದಿತು. ಅವರ ಕಣ್ಣು ಎಡಗನ್ನಡಿಯ ಮೇಲೆ ಬಿತ್ತು. "ಇದೇನಿದು, ಈ ಕನ್ನಡೀಲಿ ಹಿಂದಿನ ರಸ್ತೆ ನನಗೆ ಚೆನ್ನಾಗಿ ಕಾಣ್ತಿದೆ. ನಿಮಗೆ ಏನು ಕಾಣುತ್ತೆ?"

ಮೇಷ್ಟ್ರು ಸುಳ್ಳು ಹೇಳುವವರಲ್ಲ. ಬಗ್ಗಿ ನೋಡಿದರು. "ಔಷಧಿ ಅಂಗಡಿ ಸಾರ್."

ಫೇಲು.

ಕಚೇರಿಯ ಕಲ್ಲುಬೆಂಚಿನ ಮೇಲೆ ಕೂತಿದ್ದ ಮಗಳು ಸಂಗತಿ ಕೇಳಿ ಹೊಟ್ಟೆ ಹಿಡಿದು ನಕ್ಕಳು. ನಕ್ಕು ಮುಗಿಸಿ ಅಂಗೈ ಚಾಚಿದಳು. ಮೇಷ್ಟ್ರು ಜೇಬಿನಿಂದ ಬಿಲ್ಲೆ ತೆಗೆದರು. ಕೊಡುವಾಗ ಅವರ ಹೆಬ್ಬೆರಳು ಆ ಹಲ್ಲಿನ ಮೇಲೆ ಒಂದು ಗಳಿಗೆ ನಿಂತಿತು. ಅದನ್ನು ಹೆಂಡತಿ ಕಂಡರು.

"ತಡಿಯೇ," ಎಂದರು ಮಗಳಿಗೆ. "ಅರ್ಧ ಡ್ರೈವರನ್ನ ಬೆಂಚಿನ ಮೇಲೆ ಕೂರಿಸಿ, ಇನ್ನರ್ಧ ಡ್ರೈವರಿಗೆ ಟೆಸ್ಟ್ ಮಾಡಿದ್ರೆ ಫೇಲಾಗದೆ ಇನ್ನೇನಾಗುತ್ತೆ? ಮೇಲಿನ ಸೆಟ್ಟು ಒಂದನ್ನೇ ಕೊಟ್ಟು ಅಗೀ ಅಂದ ಹಾಗಾಯ್ತು. ನನ್ನ ಪಾಲನ್ನೂ ಕಲಿಯಕ್ಕೆ ಅವರಿಗೆ ಒಂದು ಚಾನ್ಸ್ ಕೊಡು."

"ಕುಣಿಯಕ್ಕೆ ಬಾರದವಳು ನೆಲ ಡೊಂಕು ಅಂದಳಂತೆ," ಅಂದಳು ಮಗಳು. ಆದರೂ ಒಪ್ಪಿದಳು. "ಒಂದೇ ಚಾನ್ಸ್. ನಾನು ಮುಂದೆ ಕೂತು ಕಲಿಸ್ತೀನಿ. ನೀನು ಹಿಂದೆ. ಬಾಯಿಗೆ ಬೀಗ."

ನೀಲಿ ಕಾರಿನ ಹಿಂದೆ ಮುಂದೆ ಕೆಂಪು ಎಲ್ ಬೋರ್ಡು ಅಂಟಿತು. ಬೀದಿಗೆ ಅದಕ್ಕಿಂತ ಒಳ್ಳೆಯ ಮನರಂಜನೆ ಬೇಕೆ?

"ಏನ್ ಮೇಷ್ಟ್ರೇ, ಹೊಸದಾಗಿ ಕಲೀತಿದೀರಾ?" ಎಂದು ಎದುರುಮನೆಯ ದರ್ಜಿ ಕೂಗಿದ.

"ಬಲಗಡೆ ಕಲ್ತಿದ್ದೆ, ಎಡಗಡೆ ಬಾಕಿ ಇತ್ತು!" ಎಂದು ಮೇಷ್ಟ್ರೂ ಕೂಗಿದರು.

ಮೊದಲ ದಿನ ಹೆಂಡತಿ ದವಡೆಯಲ್ಲಿ ಪೆಪ್ಪರ್‌ಮೆಂಟು ಇಟ್ಟುಕೊಂಡು ತುಟಿ ಬಿಗಿದು ಹಿಂದೆ ಕೂತರು. ಮೊದಲ ಮೂರು ಕೂಡುರಸ್ತೆಗಳನ್ನು ಮೇಷ್ಟ್ರು ಸೊಗಸಾಗಿ ದಾಟಿದರು. ನಾಲ್ಕನೆಯದರಲ್ಲಿ ಮಗಳಿಗೆ ಅನುಮಾನ ಬಂತು. ಕಿವಿಗೊಟ್ಟಳು. ಹಿಂದಿನಿಂದ ಮೂಗಿನಲ್ಲಿ ಸಣ್ಣಗೆ "ಹ್ಞೂಂ" ಬಂದೊಡನೆ ಕಾರು ಹೊರಡುತ್ತಿತ್ತು.

"ಅಮ್ಮಾ! ಕಳ್ಳ ಸಿಗ್ನಲ್!"

"ನಾನೆಲ್ಲಿ ಮಾತಾಡ್ದೆ? ಪೆಪ್ಪರ್‌ಮೆಂಟು ಗಂಟಲಿಗೆ ಹೋಯ್ತು."

"ನಾಲ್ಕು ಸಲಾನಾ?"

ಮರುದಿನ ಹೆಂಡತಿ ತಾವೇ, "ನಾನು ಮನೇಲಿರ್ತೀನಿ," ಅಂದರು. ಮೇಷ್ಟ್ರು ಕಾರಿನ ಬಳಿ ಹೋಗಿ, ಮತ್ತೆ ತಿರುಗಿ ಬಂದು, ಬಾಗಿಲಲ್ಲಿ ನಿಂತು ಕೇಳಿದರು: "ಆ ಕನ್ನಡಿ... ನನ್ನ ಕಡೆ ತಿರುಗಿಸಿಕೊಳ್ಳಲಾ?"

ಹೆಂಡತಿ ಅವರ ಮುಖವನ್ನೇ ನೋಡಿದರು. ಮದುವೆಯಾದಾಗಿನಿಂದ ಆಕೆಯ ವಸ್ತುವೊಂದನ್ನು ಅವರು ಕೇಳಿ ಪಡೆದದ್ದು ಅದೇ ಮೊದಲಿರಬೇಕು. "ತಗೊಳ್ಳಿ. ಟೆಸ್ಟ್ ಮುಗಿದ ಮೇಲೆ ವಾಪಸ್ ಕೊಡಿ, ಅಷ್ಟೇ."

ಗುಂಡಿ ಒತ್ತಿ ಕನ್ನಡಿ ತಿರುಗಿಸಿದರು. ಬೀದಿಬದಿಯ ಗೋಡೆ ಸರಿದುಹೋಗಿ, ಹಿಂದಿನ ರಸ್ತೆಯ ಎಡ ಮಗ್ಗುಲು ಮೂಡಿತು. ಸೈಕಲ್ಲುಗಳು, ತಳ್ಳುಗಾಡಿಗಳು, ಶಾಲೆಯ ಮಕ್ಕಳು. ಇಷ್ಟೊಂದು ಜನ ತಮ್ಮ ಎಡಗಡೆ ಬದುಕುತ್ತಿದ್ದರೆಂದು ಮೇಷ್ಟ್ರಿಗೆ ಗೊತ್ತೇ ಇರಲಿಲ್ಲ. "ಇದನ್ನೆಲ್ಲ ನಿಮ್ಮಮ್ಮ ಒಬ್ಬಳೇ ನೋಡ್ಕೊಳ್ತಿದ್ದಳಾ?" ಎಂದು ಮಗಳನ್ನು ಕೇಳಿದರು.

ಕಲಿಸುವ ಮಗಳಿಗೂ ಹಳೆಯ ದಿನ ನೆನಪಾಗುತ್ತಿತ್ತು. ಆಟದ ಬಯಲಿನ ಬಳಿ ಬಂದಾಗ, "ಅಪ್ಪಾ, ಇಲ್ಲೇ ಅಲ್ವಾ ಕುಂಬಳಕಾಯಿ?" ಅಂದಳು. ಮೇಷ್ಟ್ರು ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿ ಒಂದು ಸುತ್ತು ಹಾಕಿದರು. ಕಾರು ಕೂಗಲಿಲ್ಲ. ಅಪ್ಪ ಮಗಳಿಬ್ಬರೂ "ಪೋಂ" ಎಂದು ತಾವೇ ಕೂಗಿದರು.

ಎರಡನೆಯ ಟೆಸ್ಟಿಗೂ ಅದೇ ಇನ್ಸ್‌ಪೆಕ್ಟರ್. ಮೊದಲು ಕನ್ನಡಿ ನೋಡಿದರು. "ಇವತ್ತು ಏನು ಕಾಣುತ್ತೆ?"

"ರಸ್ತೆ ಸಾರ್. ಒಬ್ಬಳು ತರಕಾರಿಯವಳು, ಎರಡು ಸ್ಕೂಟರು."

ಕೂಡುರಸ್ತೆ ಬಂತು. ಮೇಷ್ಟ್ರು ಬಲಕ್ಕೆ ನೋಡಿದರು. ಕತ್ತು ಹೊರಳಿಸಿ ಎಡಕ್ಕೆ ನೋಡಿದರು. ಖಾಲಿ. ಆದರೆ ಕಾಲು ಬ್ರೇಕಿನ ಮೇಲೆ ಮತ್ತೆ ಕಲ್ಲಾಯಿತು. ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದರು. ಕೀಲಿಯ ಬಿಲ್ಲೆ ತೂಗಾಡುತ್ತಿತ್ತು. ಮೇಷ್ಟ್ರು ಹೆಂಡತಿಯದೇ ರಾಗದಲ್ಲಿ, ಗಟ್ಟಿಯಾಗಿ ಹೇಳಿಕೊಂಡರು:

"ಎಡಗಡೆ ಖಾಲಿ, ಹೋಗ್ಬಹುದು."

ಕಾರು ಹೊರಟಿತು.

"ಯಾರಿಗೆ ಹೇಳಿದ್ರಿ?"

"ನನಗೇ ಸಾರ್. ಕಿವಿಗೆ ಬೀಳದೆ ಕಾಲು ಏಳಲ್ಲ."

"ಏನೋಪ್ಪಾ. ನೋಡೋದು ನೋಡಿದ್ರಲ್ಲ, ಅಷ್ಟು ಸಾಕು," ಎಂದು ಇನ್ಸ್‌ಪೆಕ್ಟರ್ ಕಾಗದಕ್ಕೆ ಸಹಿ ಹಾಕಿದರು. "ನಿಮ್ಮ ಲೈಸೆನ್ಸ್ ಮೇಲೆ ನಿಮ್ಮ ಮನೆಯವರ ಫೋಟೋನೂ ಅಂಟಿಸಬೇಕಿತ್ತು."

ಸಹಿಯ ಶಾಯಿ ಒಣಗಿತು ಎಂದು ಖಚಿತವಾದ ಮೇಲೆ ಮೇಷ್ಟ್ರು ಕೆಮ್ಮಿದರು. "ಸಾರ್, ತಪ್ಪು ತಿಳೀಬೇಡಿ. ಮೇಲಿನ ಸೆಟ್ಟು ಸಡಿಲ ಇದೆ. ನಿಮ್ಮ ಡಾಕ್ಟರಿಗೆ ಒಮ್ಮೆ ತೋರಿಸಿ, ಕೂರಿಸಿ ಕೊಡ್ತಾರೆ."

ಇನ್ಸ್‌ಪೆಕ್ಟರ್ ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ ಕೈಯ ಹಿಂದಿನಿಂದಲೇ ನಕ್ಕರು. ಟಕ್.

ಹೊರಗೆ ಮಗಳು ಎಲ್ ಬೋರ್ಡುಗಳನ್ನು ಉಗುರಿನಿಂದ ಕಿತ್ತು, ಹಿಂದಿನ ಸೀಟಿನಲ್ಲಿ ಕೂತಳು. ಹೆಂಡತಿ ಮುಂದೆ, ತಮ್ಮ ಜಾಗದಲ್ಲಿ. ಮೇಷ್ಟ್ರು ಮೊದಲು ಗುಂಡಿ ಒತ್ತಿ ಎಡಗನ್ನಡಿಯನ್ನು ಆಕೆಯ ಕಡೆ ತಿರುಗಿಸಲು ಹೋದರು.

"ಬೇಡ, ಇರ್ಲಿ. ಕನ್ನಡಿ ನಿಮಗೆ. ನನಗೆ ಕತ್ತಿದೆ," ಅಂದರು ಹೆಂಡತಿ.

ಅದೇ ಕೂಡುರಸ್ತೆ. ಮೇಷ್ಟ್ರು ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು, ನಿಂತರು. ಹೆಂಡತಿ ತುಟಿ ಬಿಗಿದು ನೆಟ್ಟಗೆ ಮುಂದೆ ನೋಡುತ್ತಿದ್ದರು. ಹಿಂದಿನಿಂದ ಹಾರ್ನ್ ಬಂತು.

"ಹೇಳೇ."

"ನೀವೇ ನೋಡಿದ್ರಲ್ಲ."

"ನೋಡ್ದೆ. ಖಾಲಿ ಇದೆ. ಆದ್ರೂ ನೀನು ಹೇಳು."

"ಅಯ್ಯೋ ದೇವರೇ," ಎಂದಳು ಮಗಳು ಹಿಂದಿನಿಂದ.

ಹೆಂಡತಿ ಪೆಪ್ಪರ್‌ಮೆಂಟನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, ಕತ್ತು ಚಾಚಿದರು. "ತಡೀರಿ, ತಡೀರಿ. ಗೋಡೆ ಹಿಂದೆ ಸೈಕಲ್ ಬೆಲ್ ಕೇಳ್ತಿದೆ."

ಹಾಲಿನವನೊಬ್ಬ ಖಾಲಿ ಕ್ಯಾನುಗಳನ್ನು ಗಡಗಡಿಸುತ್ತ ಗೋಡೆಯ ಮರೆಯಿಂದ ಹೊರಬಂದು ದಾಟಿಹೋದ. ಹೆಂಡತಿ ಇನ್ನೊಮ್ಮೆ ನಿಧಾನವಾಗಿ ಆ ಕಡೆಯಿಂದ ಈ ಕಡೆಯವರೆಗೆ ನೋಡಿದರು.

"ಹ್ಞಾಂ. ಈಗ ಹೋಗ್ಬಹುದು."