ವಾಲಿದ ಚೌಕ

ಶೈಲಾ ಚೌಕವನ್ನು ನೆಟ್ಟಗೆ ಬರೆದದ್ದನ್ನು ನಾನು ನೋಡಿಲ್ಲ. ಹಲಗೆಯ ಮೇಲೆ ಅದು ಯಾವಾಗಲೂ ಒಂದು ಮೂಲೆಯ ಮೇಲೆ ವಾಲಿಕೊಂಡೇ ನಿಂತಿರುತ್ತಿತ್ತು. ಎರಡು ಸಾವಿರದ ಇಸವಿಯ ಆಸುಪಾಸು, ಬೆಳಗಾವಿಯಲ್ಲಿ ನಾವಿಬ್ಬರೂ ಬಿ.ಇಡಿ. ಓದುತ್ತಿದ್ದೆವು. ಪಾಠಾಭ್ಯಾಸಕ್ಕೆ ಅವಳ ಊರಾದ ಖಾನಾಪುರದ ಶಾಲೆಗೆ ಒಟ್ಟಿಗೆ ಹೋಗುತ್ತಿದ್ದೆವು. ಮನೆಯಲ್ಲಿ ಮರಾಠಿ ಆಡುವ ಹುಡುಗಿ. ತರಗತಿಯಲ್ಲಿ ಅವಳ ಕನ್ನಡ ನನ್ನದಕ್ಕಿಂತ ಸಲೀಸಾಗಿ ಓಡುತ್ತಿತ್ತು.

"ಅಕ್ಕೋರ, ಚೌಕ ಬೀಳಾಕತ್ತೈತ್ರಿ!" ಎಂದು ಒಬ್ಬಳು ಕೂಗಿದಳು.

"ಬೀಳ್ಲಿ ಬಿಡವ್ವಾ. ಬಿದ್ರೂ ಎದುರುಬದುರಿನ ಗೆರಿ ಒಂದಕ್ಕೊಂದು ಕೂಡತಾವೇನು, ನೋಡು."

ತರಗತಿ ನಕ್ಕಿತು. ಹಿಂದಿನ ಬೆಂಚಿನಲ್ಲಿದ್ದ ನನಗೆ ನಗು ಬರಲಿಲ್ಲ. ನಾನು ಸಮಾಂತರ ರೇಖಾಖಂಡ ಕಲಿಸಿದ ದಿನ, ಅಳತೆಪಟ್ಟಿ ಇಟ್ಟು ಬರೆದ ನನ್ನ ಆಯತದ ಮುಂದೆ ಇದೇ ಮಕ್ಕಳು ಆಕಳಿಸಿದ್ದರು.

ಒಂದು ಭಾನುವಾರ ಅವಳು ಶಹಾಪುರದ ನಮ್ಮ ಮನೆಗೆ ಬಂದಳು. ಅಪ್ಪ ಕರೆಂಟ್ ಮಗ್ಗದಲ್ಲಿ ನೇಯುತ್ತಿದ್ದ. ಅಪ್ಪನದು ಮಾತು ಕಡಿಮೆ. ಊಟಕ್ಕೆ ಕರೆದರೂ ತಲೆಯಾಡಿಸಿಯೇ ಉತ್ತರ. ಅವಳು ಚಹಾದ ಕಪ್ಪು ಹಿಡಿದುಕೊಂಡೇ ಮಗ್ಗದ ಪಕ್ಕಕ್ಕೆ ಹೋಗಿ ನಿಂತಳು.

"ಕಾಕಾ, ಈ ಎಳಿ ಒಂದರ ಮ್ಯಾಲೊಂದು ಹತ್ತಂಗಿಲ್ಲೇನ್ರಿ?"

ಅಪ್ಪ ಒಂದು ತುಂಡು ಬಟ್ಟೆ ತೆಗೆದು ಎದುರು ಮೂಲೆಗಳನ್ನು ಹಿಡಿದು ಜಗ್ಗಿದ. ಆಯತ ಓರೆಯಾಯಿತು. "ನೋಡವ್ವಾ, ಜಗ್ಗಿದ್ರ ಬಟ್ಟಿ ವಾಲತೈತಿ. ಎದುರಿನ ಅಂಚು ಜೋಡಿ ಬಿಡಂಗಿಲ್ಲ" ಎಂದು ಮಗ್ಗದ ಸದ್ದಿನ ಮೇಲೆ ಕೂಗಿ ಹೇಳಿದ. ನನಗೆ ಎಂದೂ ತೋರಿಸದ್ದನ್ನು ಅವಳಿಗೆ ತಿರುತಿರುಗಿ ತೋರಿಸಿದ.

ಆ ತುಂಡನ್ನು ಅವಳು ಕೇಳಿ ಒಯ್ದಳು. ಮುಂದಿನ ಪಾಠದಲ್ಲಿ ಅದನ್ನು ಜಗ್ಗಿ ಸಮಾಂತರ ಚತುರ್ಭುಜ ಮಾಡಿದಳು, ಒಂದು ಬದಿ ಓರೆಯಾಗಿ ಕತ್ತರಿಸಿ ತ್ರಾಪಿಜ್ಯ ಮಾಡಿದಳು, ಮೂಲೆಯಿಂದ ಮೂಲೆಗೆ ಕತ್ತರಿಸಿ ತ್ರಿಭುಜ ಎತ್ತಿ ಹಿಡಿದು "ಈಗ?" ಎಂದಳು. "ಒಂದೂ ಜೋಡಿ ಇಲ್ರೀ!" ಮಕ್ಕಳು ಕಿರುಚಿದರು. ಪಾಠ ನೋಡಲು ಬಂದಿದ್ದ ಉಪನ್ಯಾಸಕರು ಮೆಚ್ಚಿಕೊಂಡರು.

"ಖರೇ ಅಂದ್ರ ಇದು ವಿದ್ಯಾನ ಅಪ್ಪಾರು ಕಲಿಸಿದ್ರಿ ಸರ್" ಎಂದಳು ಶೈಲಾ, ನನ್ನತ್ತ ಕೈ ಮಾಡಿ. ಕದ್ದಿದ್ದರೆ ಮನಸ್ಸಿನಲ್ಲಾದರೂ ಬೈದುಕೊಳ್ಳಬಹುದಿತ್ತು.

ಸಂಜೆ ಅಪ್ಪನಿಗೆ ನನ್ನ ಪಾಠವೂ ಚೆನ್ನಾಯಿತೆಂದೆ. "ಹೂಂ" ಅಂದ. ಆಮೇಲೆ, "ಆ ಹುಡುಗೀದು?"

ಅವಳು ಕೊನೆಯ ಸಲ ಬಂದದ್ದು ತನ್ನ ಮದುವೆಗೆ ಕರೆಯಲು. ಕೊಲ್ಹಾಪುರದ ಕಡೆ ಕೊಟ್ಟಿದ್ದರು. ನಾನು ಪಾಸಾದ ಸುದ್ದಿ ತಂದಾಗಲೂ ನಡೆದೇ ಇದ್ದ ಮಗ್ಗವನ್ನು ಅಪ್ಪ ಬಂದ್ ಮಾಡಿ ಅವಳೆದುರು ಬಂದು ಕೂತ. ನಾನು ಒಳಗೆ ಚಹಾ ಸೋಸುತ್ತಿದ್ದೆ. ಹುಟ್ಟಿದಾಗಿನಿಂದ ಆ ಸದ್ದಿನ ಮೇಲೆ ಕೂಗಿಯೇ ಮಾತಾಡಿದ ಮನೆ ನಮ್ಮದು. ಅಪ್ಪನ ದನಿ ಇಷ್ಟು ಮೆತ್ತಗಿದೆಯೆಂದು ನನಗೆ ಗೊತ್ತಾದದ್ದು ಆವತ್ತೇ. ಅದು ಅವಳಿಗೆ ಹೇಳುತ್ತಿತ್ತು:

"ಹೋದ ಮನ್ಯಾಗ ಆರಾಮ ಇರು, ಮಗಳ."