ಅತ್ತೆಯ ಪಥ್ಯಕ್ಕೆ ರಾಗಿ ಹುಡುಕಿದ್ದು

ನಮ್ಮ ಅತ್ತೆಯವರು ಕೆಂಡ ತುಳಿದದ್ದು ಅವರಿಗೇ ಗೊತ್ತಾಗಲಿಲ್ಲ. ಒಲೆಯಿಂದ ಉರುಳಿಬಿದ್ದ ಕೆಂಡದ ಮೇಲೆ ಕಾಲಿಟ್ಟು, ಹಾಗೇ ನಡೆದುಕೊಂಡು ಹೋಗಿ, ಮಣೆಯ ಮೇಲೆ ಕುಳಿತು ತಟ್ಟೆ ಎಳೆದುಕೊಂಡರು. ಸುಟ್ಟ ವಾಸನೆ ಬಂದು ನೋಡಿದಾಗ ಅಂಗಾಲಿನಲ್ಲಿ ಬೊಬ್ಬೆ ಎದ್ದಿತ್ತು. ಅದಕ್ಕೂ ಮುಂಚೆಯೇ ಕೆಲವು ತಿಂಗಳಿಂದ ಅವರ ಕಾಲು ಊದಿಕೊಳ್ಳುತ್ತಿತ್ತು. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ವಯಸ್ಸಾಯಿತು, ಅದಕ್ಕೇ ಹೀಗೆ ಎಂದು ನಾವೆಲ್ಲ ಸುಮ್ಮನಿದ್ದೆವು.

ಎರಡನೇ ಮಹಾಯುದ್ಧದ ಕಾಲ ಅದು. ನಾನು ಬಾಣಸವಾಡಿಯಿಂದ ಹಲಸೂರಿಗೆ ಸೊಸೆಯಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ನನ್ನ ಗಂಡ ಸಿಪಾಯಿಗಳ ಬಟ್ಟೆ ಹೊಲಿಸುವ ಒಂದು ಕಂಪನಿಯಲ್ಲಿ ಗುಮಾಸ್ತರಾಗಿದ್ದರು. ಬೆಳಗಾಗುವ ಮುಂಚೆ ಹೋದರೆ ಕತ್ತಲಾದ ಮೇಲೇ ಮನೆ. ಹಾಗಾಗಿ ಅತ್ತೆಯವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನಾನು. ಡಾಕ್ಟರು ಕಾಲು ಒತ್ತಿ ನೋಡಿದರು, ಮಂಡಿಯ ಮೇಲೆ ತಟ್ಟಿ ನೋಡಿದರು, ಆಮೇಲೆ ಏನು ಊಟ ಮಾಡುತ್ತೀರಿ ಎಂದು ಕೇಳಿದರು.

"ಅನ್ನ," ಎಂದರು ಅತ್ತೆ. "ಇನ್ನೇನ್ ತಿಂತಾರೆ ಮನುಷ್ಯರು?"

"ರೇಷನ್ ಡಿಪೋ ಅಕ್ಕೀನಾ?"

"ಹೂಂ. ಚೆನ್ನಾಗ್ ತೊಳೆದು, ಗಂಜಿ ಬಸಿದು."

ಡಾಕ್ಟರು ನನ್ನ ಕಡೆ ತಿರುಗಿದರು. "ನೋಡಮ್ಮ, ಮಿಲ್ಲಲ್ಲಿ ಪಾಲಿಶ್ ಮಾಡಿ ತೌಡೆಲ್ಲ ತೆಗೆದ್ಬಿಟ್ಟಿರ್ತಾರೆ. ಉಳಿದಿದ್ದನ್ನ ನೀವು ತೊಳೆದು ಬಸಿದು ಚೆಲ್ತೀರ. ಅದಕ್ಕೇ ಈ ಕಾಯಿಲೆ. ಮನೇಲಿ ಕುಟ್ಟಿದ ಅಕ್ಕಿ ಕೊಡಿ, ಇಲ್ಲಾಂದ್ರೆ ರಾಗಿ ಕೊಡಿ. ಸೊಪ್ಪು, ಹುರುಳಿಕಾಳು, ನೀರು ಸೇರಿಸದ ಹಾಲು. ಔಷಧಿ ಬರ್ಕೊಡ್ತೀನಿ, ಆದ್ರೆ ಊಟವೇ ಮುಖ್ಯ."

ದಾರಿಯುದ್ದಕ್ಕೂ ನನಗೆ ಖುಷಿಯೇ ಆಗಿತ್ತು. ರಾಗಿ, ಸೊಪ್ಪು, ಹುರುಳಿ ನಾನು ಹುಟ್ಟಿದಾಗಿನಿಂದ ತಿಂದು ಬೆಳೆದದ್ದು. ಸಮುದ್ರದಾಚೆಯಿಂದ ಬರುವ ಔಷಧಿಯನ್ನೇನೂ ಅವರು ಹೇಳಿರಲಿಲ್ಲ. ಅತ್ತೆಯವರ ಮುಖ ಮಾತ್ರ ಗಂಟಾಗಿತ್ತು. ಬೆಳ್ಳಗಿನ ಅನ್ನ ಉಣ್ಣುವ ಮನೆ ತಮ್ಮದು ಎಂಬ ಹೆಮ್ಮೆ ಅವರಿಗೆ. ಮದುವೆಯಾದ ಹೊಸತರಲ್ಲಿ ನಾನು ಒಮ್ಮೆ ಮುದ್ದೆ ಮಾಡಿದ್ದಕ್ಕೆ, ಪಕ್ಕದ ಮನೆಯವರು ನೋಡಿದರೆ ಏನಂದುಕೊಂಡಾರು ಎಂದು ಬಾಗಿಲು ಹಾಕಿಸಿದ್ದರು. "ಈ ವಯಸ್ಸಲ್ಲಿ ನಿಮ್ಮ ಹಳ್ಳಿ ಊಟ ತಿನ್ಬೇಕಾಯ್ತಲ್ಲೇ," ಎಂದು ಜಟಕಾದಲ್ಲಿ ಕುಳಿತು ನಿಟ್ಟುಸಿರು ಬಿಟ್ಟರು.

ಮಾರನೆಯ ದಿನವೇ ಹುಡುಕಲು ಹೊರಟೆ. ಡಿಪೋದಲ್ಲಿ ರಾಗಿ ಇರಲಿಲ್ಲ. ಬಂದರೂ ಬರಬಹುದು ಎಂದರು. ಮುಂದಿನ ವಾರ ಬಂದದ್ದನ್ನು ಮೊರಕ್ಕೆ ಹಾಕಿದರೆ ಅರ್ಧ ಮಣ್ಣು, ಉಳಿದರ್ಧದಲ್ಲಿ ಹುಳ. ಬೀಸಿ ರೊಟ್ಟಿ ತಟ್ಟಿದರೆ ಕಹಿ. ಅತ್ತೆಯವರು ಒಂದು ಚೂರು ಬಾಯಿಗಿಟ್ಟು ಉಗುಳಿದರು. ಅವರನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ, ನನಗೂ ನುಂಗಲಾಗಿರಲಿಲ್ಲ. ಕುಟ್ಟಿದ ಅಕ್ಕಿಗೆ ಭತ್ತ ಬೇಕು. ಊರೊಳಗೆ ಭತ್ತ ಮಾರುವವರೇ ಇರಲಿಲ್ಲ. ಸರಿ, ತೌಡನ್ನಾದರೂ ತಂದು ರೊಟ್ಟಿಗೆ ಬೆರೆಸೋಣವೆಂದು ಅಕ್ಕಿ ಗಿರಣಿಗೆ ಹೋದೆ. ಅಲ್ಲಿ ತೌಡಿನ ಚೀಲಗಳು ಗೋಡೆಯೆತ್ತರ ಪೇರಿಸಿದ್ದವು.

"ಅದೆಲ್ಲ ಮಿಲ್ಟ್ರಿ ಕುದ್ರೆಗೆ ಕಣಮ್ಮ," ಎಂದ ಗಿರಣಿಯವನು. "ಒಂದು ಹಿಡೀನೂ ಕೊಡೋ ಹಾಗಿಲ್ಲ."

ತೌಡು ಕುದುರೆಗೆ, ತೌಡಿಲ್ಲದ ಅಕ್ಕಿ ನಮಗೆ. ಅಲ್ಲಿಂದ ಹೊರಗೆ ಬರುವಾಗ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯದೆ ಖಾಲಿ ಚೀಲವನ್ನು ಹಿಂಡುತ್ತ ನಡೆದೆ.

ಸೊಪ್ಪಿನ ಕಥೆ ಬೇರೆ. ಈಗಿನ ಶಿವಾಜಿನಗರವನ್ನು ಆಗ ಬ್ಲಾಕ್‌ಪಳ್ಳಿ ಎನ್ನುತ್ತಿದ್ದರು. ಅಲ್ಲಿನ ದೊಡ್ಡ ಮಾರುಕಟ್ಟೆಗೆ ಬೆಳಿಗ್ಗೆ ಎಷ್ಟು ಬೇಗ ಹೋದರೂ ನಾನು ತಡವಾಗಿಯೇ ಹೋದಂತೆ ಆಗುತ್ತಿತ್ತು. ಹೂಕೋಸು, ಬೀಟ್‌ರೂಟು, ಲೆಟಿಸು ಎಂಬ ಎಲೆ, ಇವು ಬುಟ್ಟಿಗಟ್ಟಲೆ ಲಾರಿಗೆ ಏರುತ್ತಿದ್ದವು. ನಾನು ಕೇಳುವ ದಂಟು, ಹೊನಗೊನೆ, ಸಬ್ಬಸಿಗೆ ಮೂಲೆಯಲ್ಲಿ ಒಬ್ಬ ಹೆಂಗಸಿನ ಹತ್ತಿರ ಮಾತ್ರ ಸಿಗುತ್ತಿತ್ತು, ಅದೂ ಬಾಡಿದ್ದು. ಆಕೆ ತಮಿಳಿನವಳು. ಒಂದು ದಿನ ನಾನು ಕಂತೆ ಬಿಚ್ಚಿ ನೋಡಿ ಮುಖ ಕಿವಿಚಿದೆ.

"ಏನಮ್ಮಾ, ಮೋರಿ ನೀರಲ್ಲಿ ತೊಳೆದಿದ್ದೀಯಾ ಇದನ್ನ?"

"ತಣ್ಣಿ ಎಲ್ಲಿದೆ ತಾಯಿ ಇಲ್ಲಿ? ನಲ್ಲೀಲಿ ನೀರೇ ಬರಲ್ಲ. ಬೇಕಾದ್ರೆ ತಗೋ, ಇಲ್ಲಾಂದ್ರೆ ವಿಡು," ಎಂದಳು. ನನ್ನ ಕೈಯಿಂದ ಕಂತೆ ಕಿತ್ತುಕೊಂಡು ಮತ್ತೆ ಅದೇ ಬಕೆಟ್ಟಿಗೆ ಅದ್ದಿದಳು.

ಅತ್ತೆಯವರ ಕಾಲು ಅಷ್ಟರಲ್ಲಿ ಮಂಡಿಯವರೆಗೆ ಊದಿತ್ತು. ಡಾಕ್ಟರು ಬರೆದುಕೊಟ್ಟ ಟಾನಿಕ್ಕನ್ನು ತಪ್ಪದೆ ಕುಡಿಯುತ್ತಿದ್ದರು, ಅನ್ನವನ್ನೂ ತಪ್ಪದೆ ಉಣ್ಣುತ್ತಿದ್ದರು. ನನಗೆ ರೇಗಿಹೋಗುತ್ತಿತ್ತು. ಕೊನೆಗೆ ಒಂದು ಭಾನುವಾರ, ಗಂಡ ಮನೆಯಲ್ಲಿದ್ದಾಗ, ತೌರಿಗೆ ಹೊರಟೆ. ಮೊದಲೇ ಹೋಗಬೇಕಿತ್ತು. ಆದರೆ ಕೈಬೀಸಿಕೊಂಡು ತೌರಿಗೆ ಹೋಗಿ ಕಾಳು ಕೇಳುವುದು ಅತ್ತೆಯವರಿಗೆ ಅವಮಾನ. ಬೇಡವೆಂದು ತಡೆಯುತ್ತಲೇ ಬಂದಿದ್ದರು.

ಬಾಣಸವಾಡಿಯ ಕೆರೆ ಏರಿ ಇಳಿದು ನಮ್ಮ ಹೊಲದ ಬದುವಿಗೆ ಬಂದಾಗ ದಾರಿ ತಪ್ಪಿದೆನೋ ಎನಿಸಿತು. ನಮ್ಮ ಹೊಲದಲ್ಲಿ ರಾಗಿ ಇರಲಿಲ್ಲ. ರಾಗಿಯ ನಡುವಿನ ಅಕ್ಕಡಿ ಸಾಲಿನಲ್ಲಿ ಹಬ್ಬುತ್ತಿದ್ದ ಅವರೆ ಇರಲಿಲ್ಲ. ಹೂಕೋಸು, ಬರೀ ಹೂಕೋಸು, ಬಾವಿಯವರೆಗೂ. ಮಾರುಕಟ್ಟೆಯ ಲಾರಿಗಳಿಗೆ ಏರುತ್ತಿದ್ದದ್ದು ಎಲ್ಲಿಂದ ಬರುತ್ತಿತ್ತು ಎಂದು ನಾನು ಯೋಚಿಸಿಯೇ ಇರಲಿಲ್ಲ.

ಅಣ್ಣ ಬಾವಿಯ ಹತ್ತಿರ ನೀರು ತಿರುಗಿಸುತ್ತಿದ್ದ. ವಿಷಯ ಹೇಳಿದೆ. ಅವನು ಗುದ್ದಲಿ ಊರಿ ನಿಂತು ಕೇಳಿದ.

"ಮಿಲ್ಟ್ರಿ ಕಂಟ್ರಾಕ್ಟ್ರು ಹೊಲಕ್ಕೇ ಬಂದು ತಗೊಂಡು ಹೋಗ್ತಾನೆ ಕಣವ್ವ. ರಾಗಿ ಬೆಳೆದ್ರೆ ಸರ್ಕಾರದೋರು ಲೆವಿ ಅಂತ ಅಳ್ಕೊಂಡ್ ಹೋಗ್ತಾರೆ. ಮನೇಗೆ ಅಂತ ಹಿಂದಿನ ತುಂಡಲ್ಲಿ ಒಂದಿಷ್ಟು ಹಾಕಿದ್ದೀನಿ, ಅಷ್ಟೇ."

"ಮತ್ತೆ ನೀವೇನ್ ತಿಂತೀರ ಅಣ್ಣ?"

"ಒಪ್ಪತ್ತು ಮುದ್ದೆ. ಇನ್ನೊಪ್ಪತ್ತು ನೀನು ತಿನ್ನೋ ಡಿಪೋ ಅಕ್ಕೀನೇ."

ಸೊಪ್ಪಾದರೂ ಕೊಯ್ದುಕೊಳ್ಳೋಣವೆಂದು ಬದುಗಳಲ್ಲಿ ಸುತ್ತಾಡಿದೆ. ರಾಗಿ ಸಾಲಿನ ನಡುವೆ ತಾನಾಗಿ ಹುಟ್ಟುತ್ತಿದ್ದ ಅಣ್ಣೆ ಸೊಪ್ಪು, ಗೋಣಿ ಸೊಪ್ಪು ಹೂಕೋಸಿನ ಮಡಿಯಲ್ಲಿ ಕಳೆಯೆಂದು ಕಿತ್ತು ಹಾಕಲಾಗಿತ್ತು. ಕೆರೆಯಂಗಳದ ಕಡೆ ಹೋಗಿ ಸಿಕ್ಕಿದ್ದೆಲ್ಲ ಮಡಿಲಿಗೆ ತುಂಬಿಕೊಂಡೆ. ಅತ್ತಿಗೆ ಒಳಗಿನಿಂದ ರಾಗಿ ತಂದು ನನ್ನ ಚೀಲಕ್ಕೆ ಸುರಿದಳು. ಅವಳ ಮುಖದಲ್ಲಿ ಬೇಸರವಿತ್ತು, ಇದ್ದದ್ದು ಸಹಜ. ಆದರೂ ಕೊಟ್ಟಳು.

ಲಿಂಗರಾಜಪುರ ದಾಟಿ ರೈಲ್ವೆ ಗೇಟಿನ ಹತ್ತಿರ ಬರುವಾಗ ಚೀಲ ಸೊಂಟಕ್ಕೆ ಒತ್ತುತ್ತಿತ್ತು. ನಮ್ಮ ಹಳ್ಳಿ ಮೈಸೂರು ಸಂಸ್ಥಾನದ್ದು, ಹಲಸೂರು ಬ್ರಿಟಿಷರ ದಂಡು ಪ್ರದೇಶಕ್ಕೆ ಸೇರಿದ್ದು. ಹುಟ್ಟಿದಾಗಿನಿಂದ ಆಚೆ ಈಚೆ ಓಡಾಡಿದ್ದರೂ ಅಲ್ಲೊಂದು ಗಡಿ ಇದೆ ಎನ್ನುವುದು ನನ್ನ ತಲೆಗೆ ಬಂದಿರಲಿಲ್ಲ. ಅವತ್ತು ಖಾಕಿ ತೊಟ್ಟ ಕಾವಲಿನವನೊಬ್ಬ ಕೋಲು ಅಡ್ಡ ಹಿಡಿದ.

"ಚೀಲದಲ್ಲೇನು?"

"ರಾಗಿ. ನಮ್ಮ ತೌರಿನ ಹೊಲದ್ದು."

"ಯಾವ ಹೊಲದ್ದಾದ್ರೇನು. ಆ ಕಡೆ ಕಾಳು ಈ ಕಡೆ ಬರೋ ಹಾಗಿಲ್ಲ. ಪರ್ಮಿಟ್ ಇದೆಯಾ?"

"ನಮ್ಮತ್ತೆಗೆ ಕಾಯಿಲೆ ಕಣಪ್ಪ. ಡಾಕ್ಟ್ರು ಹೇಳಿದ್ದಾರೆ. ಮಾರೋಕಲ್ಲ."

"ಎಲ್ಲರೂ ಹಾಗೇ ಹೇಳೋದು," ಎಂದವನು ಚೀಲ ಇಳಿಸಿಕೊಂಡ. ಸೊಪ್ಪನ್ನು ಮುಟ್ಟಲಿಲ್ಲ. ನನ್ನ ಪಕ್ಕದಲ್ಲೇ ಹೂಕೋಸಿನ ಲಾರಿಯೊಂದು ಬಂತು. ಅವನು ಗೇಟು ಎತ್ತಿಸಿ ಬಿಟ್ಟ. ನಾನು ಗೇಟಿನ ಪಕ್ಕದ ಕಲ್ಲಿನ ಮೇಲೆ ಕುಳಿತು ಅತ್ತುಬಿಟ್ಟೆ. ಹೋಗುವ ಬರುವ ಜನ ನೋಡುತ್ತಿದ್ದಾರೆಂಬ ನಾಚಿಕೆಯೂ ಇರಲಿಲ್ಲ. ಅವನಿಗೆ ಮುಜುಗರವಾಗಿರಬೇಕು. ಸ್ವಲ್ಪ ಹೊತ್ತಿಗೆ ಹತ್ತಿರ ಬಂದು ಮೆಲ್ಲಗೆ ಹೇಳಿದ, "ಬುತ್ತಿ ಗಿತ್ತಿ ತಂದ್ರೆ ನಾವು ತಡಿಯಲ್ಲಮ್ಮ. ಬೇಯಿಸಿದ್ದಕ್ಕೆ ಕಾನೂನಿಲ್ಲ. ಕಾಳು ತರಬೇಡಿ." ಚೀಲವನ್ನು ಮಾತ್ರ ಹಿಂದಕ್ಕೆ ಕೊಡಲಿಲ್ಲ.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ದಿನಾ ಬಾಣಸವಾಡಿಯಿಂದ ಮುದ್ದೆ ಹೊತ್ತು ತರುವುದು ಆಗುವ ಮಾತಲ್ಲ. "ಕಾಳು ಇಲ್ಲಿಗೆ ಬರಲ್ಲ ಅಂದ್ಮೇಲೆ ಅಮ್ಮನೇ ಅಲ್ಲಿಗೆ ಹೋಗ್ಬೇಕು," ಎಂದರು ಅವರು. ಒಳಗೆ ಮಲಗಿದ್ದ ಅತ್ತೆಯವರಿಗೆ ಕೇಳಿಸಿತು.

"ಬೀಗರ ಮನೇಲಿ ಹೋಗಿ ಕೂತು ಉಣ್ಲಾ? ಸತ್ತರೂ ಚಿಂತೆ ಇಲ್ಲ," ಎಂದರು.

ಅವತ್ತು ನಾನು ಮೊದಲ ಸಲ ಅವರಿಗೆ ಎದುರು ಮಾತಾಡಿದೆ. "ಸಾಯೋದಾದ್ರೆ ಸಾಯ್ತೀರ ಅತ್ತೆ. ಕಾಲಿಲ್ದೆ ಬಿದ್ಕೊಂಡ್ರೆ ಎತ್ತಿ ಕೂರಿಸೋಳು ನಾನು. ನನಗೋಸ್ಕರ ಆದ್ರೂ ಬನ್ನಿ." ಅವರು ಗೋಡೆ ಕಡೆ ತಿರುಗಿಕೊಂಡರು. ಬೆಳಿಗ್ಗೆ ನೋಡಿದರೆ ತಾವೇ ಸೀರೆಗಳನ್ನು ಗಂಟು ಕಟ್ಟಿಕೊಂಡು ಕುಳಿತಿದ್ದರು.

ಬಾಣಸವಾಡಿಯಲ್ಲಿ ಅವರು ಸುಗ್ಗಿ ಮುಗಿಯುವವರೆಗೂ ಇದ್ದರು. ಮೊದಮೊದಲು ಮುದ್ದೆಯನ್ನು ಅಗಿದು ಅಗಿದು ಎಲ್ಲರನ್ನೂ ನಗಿಸಿದರು. ನುಂಗಬೇಕು ಎಂದು ಅಣ್ಣ ತೋರಿಸಿಕೊಟ್ಟ. ಹುರುಳಿ ಬಸ್ಸಾರು, ಮಸ್ಸೊಪ್ಪು, ಮನೆಯ ಎಮ್ಮೆಯ ಮಜ್ಜಿಗೆ. ನಾನು ವಾರಕ್ಕೊಮ್ಮೆ ಹೋಗಿ ನೋಡುತ್ತಿದ್ದೆ. ಅತ್ತಿಗೆಗೂ ಅವರಿಗೂ ಎರಡು ಸಲ ಜಗಳವಾಯಿತು, ಎರಡು ಸಲವೂ ಒಗ್ಗರಣೆಯ ವಿಷಯಕ್ಕೆ. ಆದರೆ ಊತ ಇಳಿಯಿತು. ಒತ್ತಿದರೆ ಗುಳಿ ಬೀಳುವುದು ನಿಂತಿತು. ಒಂದು ಸಲ ನಾನು ಹೋದಾಗ ಕಣದ ಬಳಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು. ಇರುವೆ ಕಚ್ಚಿತೆಂದು ಎಡಗಾಲನ್ನು ಥಟ್ಟನೆ ಎಳೆದುಕೊಂಡರು. ಇರುವೆ ಕಚ್ಚಿದ್ದಕ್ಕೆ ಅಷ್ಟೊಂದು ಸಂತೋಷಪಟ್ಟವರನ್ನು ನಾನು ಬೇರೆ ಕಂಡಿಲ್ಲ.

ಹಲಸೂರಿಗೆ ಹಿಂದಿರುಗಿದ ಮೇಲೆ ಪಕ್ಕದ ಮನೆಯವರು ಕೇಳಿದರು. "ಡಾಕ್ಟ್ರು ಕೊಟ್ಟ ಟಾನಿಕ್ಕು ಕಣ್ರೀ, ಎಂಥಾ ಟಾನಿಕ್ಕು," ಎಂದರು ಅತ್ತೆ. ಒಳಗೆ ಪಾತ್ರೆ ತೊಳೆಯುತ್ತಿದ್ದ ನಾನು ಕೈಯಲ್ಲಿದ್ದ ತಪ್ಪಲೆಯನ್ನು ನೆಲಕ್ಕೆ ಕುಕ್ಕಿದೆ.

ಆಮೇಲೆ ಮತ್ತೆ ಅದೇ ಡಿಪೋ, ಅದೇ ಬಿಳಿ ಅಕ್ಕಿ. ಅತ್ತಿಗೆ ಒಂದು ಉಪಾಯ ಮಾಡಿದಳು. ರಾಗಿಯನ್ನು ಹುರಿದು ಬೀಸಿ ಹುರಿಹಿಟ್ಟು ಮಾಡಿ, ನಾನು ಹೋದಾಗಲೆಲ್ಲ ಕೊಟ್ಟು ಕಳಿಸತೊಡಗಿದಳು. ಬೆಲ್ಲ, ಹಾಲು ಹಾಕಿ ಕಲಸಿದರೆ ಅತ್ತೆಯವರು ಹಳ್ಳಿ ಊಟವೆನ್ನದೆ ತಿನ್ನುತ್ತಿದ್ದರು. ಆದರೆ ಗೇಟಿನಲ್ಲಿ ಅದಕ್ಕೂ ನೆಮ್ಮದಿಯಿರಲಿಲ್ಲ. ಕೋಲು ಹಿಡಿದು ನಿಂತ ಒಬ್ಬನಿಗೆ ಅದು ಬುತ್ತಿ, ಬೆಂದದ್ದು, ಬಿಟ್ಟುಬಿಡುತ್ತಿದ್ದ. ಇನ್ನೊಬ್ಬನಿಗೆ ಅದು ಹಿಟ್ಟು, ಹಿಟ್ಟೆಂದರೆ ಕಾಳು, ತೆಗೆದಿಟ್ಟುಕೊಳ್ಳುತ್ತಿದ್ದ. ಹುರಿದದ್ದು ಬೆಂದಂತೆ ಅಲ್ಲವೇ ಎಂದು ನಾನು ವಾದ ಮಾಡುತ್ತಿದ್ದೆ. ಯಾವತ್ತು ಯಾರಿರುತ್ತಾರೋ ದೂರದಿಂದ ತಿಳಿಯುತ್ತಿರಲಿಲ್ಲ. ಹತ್ತಿರ ಬಂದು ಮುಖ ನೋಡಿದ ಮೇಲೆ ಹಿಂದಕ್ಕೆ ತಿರುಗಿದರೆ ಅನುಮಾನ ಬರುತ್ತದೆ ಎಂದು ಹಾಗೇ ಮುಂದೆ ನಡೆಯಬೇಕಾಗುತ್ತಿತ್ತು. ಹೀಗೆ ಕಳೆದುಕೊಂಡ ಹಿಟ್ಟನ್ನು ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಯುದ್ಧ ಮುಗಿಯಿತು. ಕಂಟ್ರಾಕ್ಟರು ಬರುವುದನ್ನು ನಿಲ್ಲಿಸಿದ ವರ್ಷ ಅಣ್ಣನ ಹೂಕೋಸು ಹೊಲದಲ್ಲೇ ಹಳದಿಯಾಗಿ ಕೊಳೆಯಿತು. ದಂಡು ಪ್ರದೇಶ ಮೈಸೂರು ಸಂಸ್ಥಾನಕ್ಕೆ ಸೇರಿದ ಮೇಲೆ ಆ ಗಡಿಯ ಕಾವಲೂ ಹೋಯಿತು. ರೇಷನ್ ಮಾತ್ರ ಹೋಗಲಿಲ್ಲ. ಅತ್ತೆಯವರ ಎಡಗಾಲು ಪೂರ್ತಿ ಸರಿಹೋಯಿತು, ಬಲಗಾಲಿಗೆ ಸ್ಪರ್ಶ ಕೊನೆಯವರೆಗೂ ಮರಳಲಿಲ್ಲ. ಇನ್ನೊಂದೆರಡು ತಿಂಗಳು ಮೊದಲೇ ಸರಿಯಾದ ಊಟ ಸಿಕ್ಕಿದ್ದರೆ ಅದೂ ಉಳಿಯುತ್ತಿತ್ತು ಎಂದು ಡಾಕ್ಟರು ಹೇಳಿದರು. ಅಲ್ಲಿಂದ ಹೊರಟೆವು. ಬಲಗಾಲಿನ ಚಪ್ಪಲಿ ಕಳಚಿದ್ದು ತಿಳಿಯದೆ ಅತ್ತೆಯವರು ಒಂಟಿ ಚಪ್ಪಲಿಯಲ್ಲೇ ಮೆಟ್ಟಿಲು ಇಳಿಯುತ್ತಿದ್ದರು. ಇನ್ನೊಂದನ್ನು ಎತ್ತಿಕೊಂಡು ಅವರ ಹಿಂದೆ ಹೋದೆ.